ಹದಿನಾರರ ಹೊಸ್ತಿಲು

ಮದುವೆ ನಿಶ್ಚಯವಾದ ಮನೆಯಲ್ಲಿ ದಿನಗಳು ಯಾವಾಗಲೂ ಕಡಿಮೆಯೇ. ಆರು ತಿಂಗಳಿದ್ದರೂ ಕಡಿಮೆ. ಆರು ವಾರವಿದ್ದರಂತೂ ಹೇಳುವುದೇ ಬೇಡ. ಅಕ್ಕಸಾಲಿಗನ ಅಂಗಡಿಗೊಬ್ಬರು, ಅಡಿಗೆಯವರ ಮನೆಗೊಬ್ಬರು, ಲಗ್ನಪತ್ರಿಕೆಯ ಅಚ್ಚುಕೂಟಕ್ಕೆ ಮತ್ತೊಬ್ಬರು ಓಡುತ್ತಿರುವಾಗ, ನಡುಮನೆಯ ಕಂಬಕ್ಕೊರಗಿ ಕುಳಿತ ಅಜ್ಜಿ ಮಾತ್ರ ಎಲ್ಲರ ಬಾಯಿ ಕಟ್ಟಿಸುವ ಒಂದು ಪ್ರಶ್ನೆಯನ್ನು ಕೇಳುತ್ತಾಳೆ: “ಇಷ್ಟು ದಿನ ಏನು ಮಾಡುತ್ತಿದ್ದಿರಿ?”

೨೦೧೮ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಒಂದು ದೊಡ್ಡ ಮನೆಯಲ್ಲಿ ಇಂಥದೇ ಗಡಿಬಿಡಿ ನಡೆದಿತ್ತು. ಅಜ್ಜಿಯ ಪ್ರಶ್ನೆಯನ್ನು ಕೇಳುವವರಿಗೂ ಅಲ್ಲಿ ಬರವಿರಲಿಲ್ಲ. ಮನೆಯ ಹೆಸರು ಮ್ಯಾಂಚೆಸ್ಟರ್ ಯುನೈಟೆಡ್. ೧೮೭೮ರಲ್ಲಿ ರೈಲ್ವೆ ನೌಕರರು ನ್ಯೂಟನ್ ಹೀತ್ ಎಂಬ ಹೆಸರಿನಿಂದ ಕಟ್ಟಿಕೊಂಡ ಕಾಲ್ಚೆಂಡಿನ ಸಂಘವದು. ೧೯೦೨ರಲ್ಲಿ ಈಗಿನ ಹೆಸರನ್ನು ತಾಳಿತು. ೧೯೫೮ರ ಮ್ಯೂನಿಕ್ ವಿಮಾನ ದುರಂತದಲ್ಲಿ ಎಂಟು ಮಂದಿ ತರುಣ ಆಟಗಾರರನ್ನು ಕಳೆದುಕೊಂಡೂ, ಸರಿಯಾಗಿ ಹತ್ತು ವರ್ಷಗಳ ಮೇಲೆ ಯೂರೋಪಿನ ಕಪ್ಪನ್ನು ಮನೆಗೆ ತಂದ ಛಲದ ಸಂಸ್ಥೆ. ಅದರ ಕೆಂಪು ಅಂಗಿ ತೊಟ್ಟ ಹುಡುಗರನ್ನು ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿಯೂ ಕಾಣಬಹುದು. ಸಂಪತ್ತಿನಲ್ಲಿ ಜಗತ್ತಿನ ಮೊದಲ ಕೆಲವು ಸಂಘಗಳಲ್ಲಿ ಅದೂ ಒಂದು. ಇಂತಹ ಸಂಘಕ್ಕೆ ವನಿತೆಯರ ತಂಡವೊಂದು ಇರಲಿಲ್ಲ!

ಇರಲಿಲ್ಲವೆಂದರೆ ಪೂರ್ತಿ ನಿಜವೂ ಅಲ್ಲ. ೧೯೭೦ರ ದಶಕದಲ್ಲಿ ಸಂಘದ ಅಭಿಮಾನಿಗಳೇ ಒಂದು ಮಹಿಳಾ ತಂಡವನ್ನು ಕಟ್ಟಿಕೊಂಡಿದ್ದರು. ೨೦೦೧ರಲ್ಲಿ ಸಂಘವು ಅದನ್ನು ತನ್ನದೆಂದು ಒಪ್ಪಿತು. ೨೦೦೫ರಲ್ಲಿ, ಇದರಿಂದ ಲಾಭವಿಲ್ಲವೆಂದು, ಅದನ್ನು ಮುಚ್ಚಿತು. ಕೂಸನ್ನು ಮಡಿಲಿಗೆ ತೆಗೆದುಕೊಂಡು ನಾಲ್ಕೇ ವರ್ಷಕ್ಕೆ ಮರಳಿ ಅಂಗಳಕ್ಕಿಳಿಸಿದಂತಾಯಿತು. ಮುಂದಿನ ಹದಿಮೂರು ವರ್ಷ ಆ ಮನೆಯಲ್ಲಿ ಅದರ ಮಾತೇ ಏಳಲಿಲ್ಲವೆಂದರೂ ಸಲ್ಲುತ್ತದೆ.

ಆದರೆ ಸಂಘ ಹುಡುಗಿಯರನ್ನು ಪೂರ್ತಿಯಾಗಿ ದೂರ ಮಾಡಿರಲಿಲ್ಲ. ಇದೇ ಈ ಕಥೆಯಲ್ಲಿ ಮನಸ್ಸಿಗೆ ನಾಟುವ ಸಂಗತಿ. ಚಿಕ್ಕ ವಯಸ್ಸಿನ ಬಾಲೆ ಬಂದರೆ ಅವಳಿಗೆ ಕೆಂಪಂಗಿ ಕೊಟ್ಟು, ಚೆಂಡನ್ನು ಕಾಲಿನಲ್ಲಿ ಹಿಡಿದು ನಿಲ್ಲಿಸುವುದನ್ನು, ತಲೆಯೆತ್ತಿ ನೋಡಿ ಒದೆಯುವುದನ್ನು ಅಕ್ಕರೆಯಿಂದ ಕಲಿಸುತ್ತಿದ್ದರು. ಹದಿನಾರು ತುಂಬಿತೋ, ಮುಗಿಯಿತು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಅವಳಿಗೆ ಎಡೆಯಿಲ್ಲ. ಬೇಕಾದರೆ ಬೇರೆ ಸಂಘವನ್ನು ನೋಡಿಕೊಳ್ಳಬೇಕು. ಸಾಕಿ ಸಲಹಿ ಬೆಳೆಸಿದ ಮೇಲೆ ಇನ್ನೊಂದು ಮನೆಗೆ ಕಳುಹಿಸುವುದು ನಮ್ಮಲ್ಲಿ ಹೆಣ್ಣು ಹೆತ್ತವರ ಪಾಡು. ಅಲ್ಲಿ ಓಲಗವೂ ಇರಲಿಲ್ಲ, ಮಡಿಲಕ್ಕಿಯೂ ಇರಲಿಲ್ಲ. ಜೊತೆಯಲ್ಲಿ ಆಡಿದ ಹುಡುಗರಲ್ಲಿ ಗಟ್ಟಿಗರಾದವರು ಓಲ್ಡ್ ಟ್ರ್ಯಾಫರ್ಡ್ ಎಂಬ ಮಹಾ ಕ್ರೀಡಾಂಗಣದ ಕನಸನ್ನು ಕಾಣುತ್ತ ಅಲ್ಲಿಯೇ ಉಳಿಯುತ್ತಿದ್ದರು.

ಕೇಟಿ ಝೆಲೆಮ್ ಎಂಬ ಹುಡುಗಿ ಬಾಲ್ಯದಿಂದ ಅಲ್ಲಿ ಆಡಿ ಬೆಳೆದವಳು. ೨೦೧೩ರಲ್ಲಿ ಆಕೆ ಸೇರಬೇಕಾಗಿ ಬಂದದ್ದು ಲಿವರ್‌ಪೂಲ್ ಸಂಘವನ್ನು. ಇದರ ಕಹಿ ತಿಳಿಯಬೇಕಾದರೆ ಆ ಎರಡು ಊರುಗಳ ವೈರವನ್ನು ತಿಳಿದಿರಬೇಕು. ಎರಡು ಪಾಳೆಯಪಟ್ಟುಗಳ ಹಗೆಯೂ ಅದರ ಮುಂದೆ ಸಪ್ಪೆ. ಎಲ್ಲಾ ಟೂನ್ ಎಂಬ ಇನ್ನೊಬ್ಬಳು ಟಿಲ್ಡ್‌ಸ್ಲಿ ಎಂಬ ಸಣ್ಣ ಊರಿನವಳು. ಅವಳೂ ಇದೇ ಅಂಗಳದಲ್ಲಿ ಕಲಿತು, ಬ್ಲ್ಯಾಕ್‌ಬರ್ನ್‌ಗೆ ಹೋಗಿ, ಕೊನೆಗೆ ಪಕ್ಕದ ಮನೆಯ ದಾಯಾದಿಯೆನ್ನಬೇಕಾದ ಮ್ಯಾಂಚೆಸ್ಟರ್ ಸಿಟಿ ಸಂಘವನ್ನು ಸೇರಿದಳು.

ಹೆಣ್ಣುಮಕ್ಕಳಿಗೆ ಅಂಗಳವಿಲ್ಲವೆನ್ನುವುದು ಆ ದೇಶಕ್ಕೆ ಹೊಸ ಮಾತಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ಊರಿನ ಡಿಕ್ ಕರ್ ಕಾರ್ಖಾನೆಯ ಕೂಲಿ ಹೆಂಗಸರು ತಂಡ ಕಟ್ಟಿ, ೧೯೧೭ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಸಹಾಯಾರ್ಥವಾಗಿ ಆಡಿದರು. ೧೯೨೦ರ ಡಿಸೆಂಬರ್ ೨೬ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟವನ್ನು ನೋಡಲು ನೆರೆದವರು ಐವತ್ತು ಸಾವಿರಕ್ಕೂ ಮಿಕ್ಕ ಜನ. ಮರುವರ್ಷವೇ, ೧೯೨೧ರ ಡಿಸೆಂಬರ್ ೫ರಂದು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಘೋಷಿಸಿ, ತನಗೆ ಸೇರಿದ ಯಾವ ಮೈದಾನವನ್ನೂ ಅವರಿಗೆ ಕೊಡಕೂಡದೆಂದು ವಿಧಿಸಿತು. ಆ ಕಟ್ಟಳೆ ತೊಲಗಿದ್ದು ೧೯೭೧ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ.

ಆ ಅರ್ಧ ಶತಮಾನದಲ್ಲಿಯೂ ಆಡಿದವರಿದ್ದರು. ಇದೇ ಮ್ಯಾಂಚೆಸ್ಟರಿನಲ್ಲಿ ಪರ್ಸಿ ಆಷ್ಲಿ ಎಂಬಾತ ೧೯೪೯ರಲ್ಲಿ ಕೊರಿಂಥಿಯನ್ಸ್ ಎಂಬ ತಂಡವನ್ನು ಕಟ್ಟಿದ. ಆತನ ಮಗಳು ಡೋರಿಸ್‌ಗೆ ಆಡಬೇಕೆಂಬ ಆಸೆ. ಅದಕ್ಕಿಂತ ದೊಡ್ಡ ಧ್ಯೇಯವೇನೂ ಆತನಿಗಿದ್ದಂತೆ ಕಾಣುವುದಿಲ್ಲ. ನಿಷೇಧವಿದ್ದುದರಿಂದ ಊರಿನ ಸಾರ್ವಜನಿಕ ಉದ್ಯಾನವೇ ಅವರ ಕ್ರೀಡಾಂಗಣ. ಅಲ್ಲಿ ಸ್ನಾನದ ಮನೆಯಿಲ್ಲ. ಕೆಸರು ಮೆತ್ತಿದ ಕೈಕಾಲನ್ನು ಬಾತುಕೋಳಿಗಳ ಕೊಳದಲ್ಲಿ ತೊಳೆದುಕೊಂಡು ಹುಡುಗಿಯರು ಮನೆಗೆ ಹೋಗುತ್ತಿದ್ದರಂತೆ. ಅದೇ ಹುಡುಗಿಯರು ೧೯೫೭ರಲ್ಲಿ ಪಶ್ಚಿಮ ಬರ್ಲಿನ್ನಿಗೆ ಹೋಗಿ ಯೂರೋಪಿನ ತಂಡಗಳೊಡನೆ ಸೆಣಸಿದರು. ಮ್ಯಾಂಚೆಸ್ಟರ್ ಸಿಟಿಯ ಹೆಸರಾಂತ ಗೋಲುರಕ್ಷಕ, ಜರ್ಮನಿಯಲ್ಲಿ ಹುಟ್ಟಿದ ಬರ್ಟ್ ಟ್ರೌಟ್ಮನ್, ದುಭಾಷಿಯಾಗಿ ಜೊತೆಗೆ ಹೋಗಿದ್ದ. ತಂದೆಯೊಬ್ಬನಿಗೆ ಮಗಳ ಮೇಲಿದ್ದ ಅಕ್ಕರೆಯಿಂದ ನಡೆದ ಕೆಲಸ ಇದು. ಕೋಟ್ಯಧೀಶ ಸಂಘಕ್ಕೆ ೨೦೦೫ರಲ್ಲಿ ಅಷ್ಟನ್ನು ನಡೆಸುವ ಶಕ್ತಿಯಿರಲಿಲ್ಲವೆಂದರೆ ನಂಬುವವರು ಯಾರು?

ಇರಲಿ. ೨೦೧೮ರ ಮಾರ್ಚ್ ತಿಂಗಳಿನಲ್ಲಿ ಸಂಘ ಬಾಯಿ ತೆರೆಯಿತು. ಮೈನೆರೆದ ಸ್ತ್ರೀಯರ ವೃತ್ತಿಪರ ತಂಡವೊಂದನ್ನು ಕಟ್ಟುವುದಾಗಿಯೂ, ಮಹಿಳಾ ಲೀಗಿನ ಎರಡನೆಯ ದರ್ಜೆಗೆ ಪ್ರವೇಶ ಕೋರುವುದಾಗಿಯೂ ಪ್ರಕಟಿಸಿತು. ಮೇ ಕೊನೆಯಲ್ಲಿ ಅನುಮತಿ ದೊರೆಯಿತು. ಜೂನ್ ೮ರಂದು ಮುಖ್ಯ ತರಬೇತಿದಾರರ ಹೆಸರು ಹೊರಬಿತ್ತು: ಕೇಸಿ ಸ್ಟೋನಿ. ಮೊದಲ ಪಂದ್ಯ ಆಗಸ್ಟ್ ೧೯ಕ್ಕೆ. ಕೈಯಲ್ಲಿದ್ದುದು ಹತ್ತು ವಾರ. ಕೈಯಲ್ಲಿ ಇಲ್ಲದಿದ್ದುದು ತಂಡ!

ಈ ಸ್ಟೋನಿಯವರ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಇಂಗ್ಲೆಂಡಿನ ಪರವಾಗಿ ೧೩೦ ಪಂದ್ಯಗಳನ್ನಾಡಿ, ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಮಹಿಳಾ ತಂಡದ ನಾಯಕಿಯಾಗಿದ್ದವರು ಆಕೆ. ಆ ವರ್ಷದ ಫೆಬ್ರವರಿಯಲ್ಲಷ್ಟೇ ಆಟವನ್ನು ಬಿಟ್ಟಿದ್ದರು. ಮನೆಯಲ್ಲಿ ಮೂರು ಚಿಕ್ಕ ಮಕ್ಕಳು. ಆದರೆ ಈ ಕೆಲಸಕ್ಕೆ ಆಕೆಯನ್ನು ನಿಜವಾಗಿ ಸಿದ್ಧಗೊಳಿಸಿದ್ದು ಬೇರೊಂದು ಅನುಭವವಿರಬೇಕು. ಹಿಂದೆ ಆಕೆ ಚಾರ್ಲ್‌ಟನ್ ಸಂಘದ ಮಹಿಳಾ ತಂಡದಲ್ಲಿದ್ದರು. ೨೦೦೫ರಲ್ಲಿ ಆ ತಂಡ ದೇಶದ ಕಪ್ಪನ್ನು ಗೆದ್ದಿತ್ತು. ೨೦೦೭ರಲ್ಲಿ ಆ ಸಂಘದ ಗಂಡಸರ ತಂಡ ಸೋತು ಮೊದಲ ದರ್ಜೆಯಿಂದ ಕೆಳಗಿಳಿಯಿತು. ಖರ್ಚು ಕಡಿಮೆ ಮಾಡಬೇಕಲ್ಲ, ಮುಚ್ಚಿದ್ದು ಯಾವುದನ್ನು? ಹೆಂಗಸರ ತಂಡವನ್ನು! ಅಣ್ಣ ಪರೀಕ್ಷೆಯಲ್ಲಿ ಫೇಲಾದನೆಂದು ತಂಗಿಯನ್ನು ಶಾಲೆ ಬಿಡಿಸಿದ ಸಂಸಾರಗಳು ನಮ್ಮಲ್ಲಿಯೂ ಇವೆ. ಆದ್ದರಿಂದ ಹೆಚ್ಚು ವಿವರಣೆ ಬೇಕಿಲ್ಲ. ಇಂತಹ ಅನುಭವವುಳ್ಳವರು ಇನ್ನೊಂದು ಸಂಘದ ಮಾತನ್ನು ನಂಬಿ ಹೊರಟರೆಂಬುದೇ ದೊಡ್ಡದು. ತಾವು ನಂಬಿದ್ದಲ್ಲದೆ ಇತರರನ್ನೂ ನಂಬಿಸಬೇಕಾಗಿತ್ತು.

ಮನೆ ಹೂಡುವಾಗ ಮೊದಲು ಒಲೆ ಬೇಕೋ ಪಾತ್ರೆ ಬೇಕೋ ಅಕ್ಕಿ ಬೇಕೋ ಎಂಬ ತೊಡಕು ಎಲ್ಲ ಗೃಹಿಣಿಯರಿಗೂ ಗೊತ್ತು. ಸ್ಟೋನಿಯವರಿಗೆ ಎಲ್ಲವೂ ಒಟ್ಟಿಗೇ ಬೇಕಾಗಿತ್ತು. ಸಹಾಯಕ ತರಬೇತಿದಾರರು, ವೈದ್ಯರು, ಕಾಲು ಉಳುಕಿದರೆ ನೀವುವವರು, ಆಟಗಾರ್ತಿಯರಿಗೆ ವಸತಿ, ಉಡುಪು, ಚೆಂಡು ಒಂದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಡುವವರಿಲ್ಲ. ಆಟಗಾರ್ತಿಯರೆಲ್ಲ ಒಂದಲ್ಲ ಒಂದು ತಂಡದಲ್ಲಿದ್ದವರು. ಅವರಿಗೆ ತೋರಿಸೋಣವೆಂದರೆ ಗೆದ್ದ ಕಪ್ಪಿಲ್ಲ, ಹಳೆಯ ಪಂದ್ಯದ ಚಿತ್ರವಿಲ್ಲ. ಇದ್ದುದು ಸಂಘದ ಹೆಸರು, ತಮ್ಮ ಮಾತು, ಇವೆರಡೇ. ಎರಡನೆಯ ದರ್ಜೆಯ ಬೇರೆ ತಂಡಗಳಲ್ಲಿ ಬಹುಮಂದಿ ಹಗಲು ದುಡಿದು ಸಂಜೆ ಆಡುವವರಾಗಿದ್ದರು. ಇಲ್ಲಿ ಆಟವೇ ಉದ್ಯೋಗವೆಂಬುದೊಂದು ಆಕರ್ಷಣೆ ಇತ್ತು, ನಿಜ.

ಜುಲೈ ನಡುವಿನ ಹೊತ್ತಿಗೆ ೨೧ ಹೆಸರುಗಳ ಪಟ್ಟಿ ಹೊರಬಂತು. ಅದರಲ್ಲಿ ಕೇಟಿ ಝೆಲೆಮ್ ಇದ್ದಳು. ಲಿವರ್‌ಪೂಲಿನಿಂದ ಇಟಲಿಗೆ ಹೋಗಿ, ಯುವೆಂಟಸ್ ತಂಡದೊಡನೆ ಆ ದೇಶದ ಲೀಗನ್ನು ಆಗತಾನೆ ಗೆದ್ದಿದ್ದವಳು, ಅದನ್ನು ಬಿಟ್ಟು ಇನ್ನೂ ಒಂದು ಪಂದ್ಯವನ್ನೂ ಆಡದ ಎರಡನೆಯ ದರ್ಜೆಯ ತಂಡಕ್ಕೆ ಬಂದಳು. ಲೆಕ್ಕ ಬಲ್ಲವರು ಇದನ್ನು ನಷ್ಟದ ವ್ಯಾಪಾರವೆಂದೇ ಹೇಳಿಯಾರು. ತವರಿನಿಂದ ಕರೆ ಬಂದಾಗ ಹೆಣ್ಣುಮಕ್ಕಳು ಲೆಕ್ಕ ಹಾಕುವುದಿಲ್ಲ. ಪಟ್ಟಿಯಲ್ಲಿ ಎಲ್ಲಾ ಟೂನಳೂ ಇದ್ದಳು. ಹದಿನೆಂಟು ವರ್ಷದ ಹುಡುಗಿ. ತಂಡ ತನ್ನ ಮನೆಯಂಗಳವೆಂದು ಆರಿಸಿಕೊಂಡ ಲೀ ಊರಿನ ಕ್ರೀಡಾಂಗಣ ಅವಳ ಊರಿಗೆ ಕೂಗಳತೆಯೆನ್ನುವಷ್ಟು ಸಮೀಪ.

ಅಭ್ಯಾಸಕ್ಕೆಂದು ತಂಡಕ್ಕೆ ಕೊಟ್ಟ ಸ್ಥಳ ಸಾಲ್‌ಫರ್ಡಿನಲ್ಲಿದ್ದ ದಿ ಕ್ಲಿಫ್ ಎಂಬ ಹಳೆಯ ಮೈದಾನ. ಮ್ಯೂನಿಕ್‌ನಲ್ಲಿ ಮಡಿದ ತರುಣರು ಆಡಿ ಪಳಗಿದ ನೆಲವದು. ಜಾರ್ಜ್ ಬೆಸ್ಟ್ ಚೆಂಡನ್ನು ಕುಣಿಸಿದ ನೆಲ. ಗಂಡಸರ ತಂಡವೋ ಎಂದೋ ಕ್ಯಾರಿಂಗ್ಟನ್ನಿನ ಹೊಸ ಕಟ್ಟಡಕ್ಕೆ ಹೋಗಿಯಾಗಿತ್ತು. ಹಿರಿಯರು ಬಿಟ್ಟುಹೋದ ಹಳೆಯ ಮನೆಯನ್ನು ಕಿರಿಯರಿಗೆ ಕೊಟ್ಟರೆ ಅದು ಗೌರವವೋ ಉಳಿತಾಯವೋ ಹೇಳುವುದು ಕಷ್ಟ, ಬಹುಶಃ ಎರಡೂ.

ಮದುವೆಮನೆಯ ಸಡಗರದ ನಡುವೆ ಪಕ್ಕದ ಬೀದಿಯ ದುಃಖವೊಂದನ್ನು ಮರೆಯಬಾರದು. ಡಾನ್‌ಕಾಸ್ಟರ್ ಬೆಲ್ಸ್ ಎಂಬುದು ೧೯೬೯ರಷ್ಟು ಹಿಂದೆಯೇ ಹುಟ್ಟಿದ ಮಹಿಳಾ ತಂಡ. ಗಂಡಸರ ಪಂದ್ಯಗಳಲ್ಲಿ ಲಾಟರಿ ಚೀಟಿ ಮಾರುತ್ತಿದ್ದ ಹೆಂಗಸರು, ನಾವೂ ಏಕೆ ಆಡಬಾರದೆಂದು ಕಟ್ಟಿಕೊಂಡದ್ದು. ಹಣವಂತ ಸಂಘ ಬೆನ್ನಿಗಿರಲಿಲ್ಲ. ೨೦೧೩ರಲ್ಲಿ ಲೀಗನ್ನು ಪುನರ್ರಚಿಸಿದಾಗ ಮೊದಲ ದರ್ಜೆಯಿಂದ ಅವರನ್ನು ಇಳಿಸಿ ಮ್ಯಾಂಚೆಸ್ಟರ್ ಸಿಟಿಗೆ ಎಡೆ ಕೊಡಲಾಯಿತು. ಎದೆಗುಂದದೆ ಆಡಿ ೨೦೧೮ರಲ್ಲಿ ಎರಡನೆಯ ದರ್ಜೆಯನ್ನು ಗೆದ್ದರು. ಗೆದ್ದೂ ಮೇಲೇರಲಿಲ್ಲ, ಹೊಸ ನಿಯಮಗಳು ಬೇಡುವ ಖರ್ಚನ್ನು ಹೊರಲಾರದೆ ಮೂರನೆಯ ದರ್ಜೆಗೆ ಇಳಿದರು. ಅದೇ ಬೇಸಿಗೆಯಲ್ಲಿ ಯುನೈಟೆಡ್, ಕೆಳಗಿನ ಒಂದು ಮೆಟ್ಟಿಲನ್ನೂ ತುಳಿಯದೆ, ಎರಡನೆಯ ದರ್ಜೆಗೆ ನೇರವಾಗಿ ಬಂದಿತು. ಇದನ್ನು ಅನ್ಯಾಯವೆಂದವರನ್ನು ಅಸೂಯಾಪರರೆಂದು ತಳ್ಳಿಹಾಕುವಂತಿಲ್ಲ. ಬೆಲ್ಸ್ ತಂಡದ ಪರವಾಗಿ ಆ ವರ್ಷ ಗೋಲುಗಳ ಸುರಿಮಳೆಗರೆದ ಜೆಸ್ ಸಿಗ್ಸ್‌ವರ್ತ್ ಸಹ ಯುನೈಟೆಡ್‌ನ ೨೧ ಮಂದಿಯಲ್ಲೊಬ್ಬಳಾದಳು. ಅವಳಾದರೂ ಏನು ಮಾಡಿಯಾಳು? ಬೆಳೆ ಬಂದರೂ ಹೊಲ ಕೈಬಿಟ್ಟ ಮೇಲೆ ರೈತ ಪಟ್ಟಣ ಸೇರಲೇಬೇಕು.

ಆಗಸ್ಟ್ ೧೯ ಬಂದೇ ಬಂತು. ಮೊದಲ ಪಂದ್ಯದ ಎದುರಾಳಿ ಯಾರೆಂದು ವಿಧಿಯೇ ಆರಿಸಿದಂತಿತ್ತು: ಲಿವರ್‌ಪೂಲ್! ಅದೂ ಅವರದೇ ಅಂಗಳದಲ್ಲಿ, ಬರ್ಕನ್‌ಹೆಡ್ ಊರಿನಲ್ಲಿ. ಅದೂ ಮೊದಲ ದರ್ಜೆಯ ತಂಡದ ಮೇಲೆ. ಪರಸ್ಪರ ಹೆಸರುಗಳನ್ನಷ್ಟೇ ಕಲಿತ ಹೊಸಬರು ಕೆಂಪಂಗಿ ತೊಟ್ಟು ಇಳಿದರು. ಮೊದಲರ್ಧದಲ್ಲಿ ಗೋಲಿಲ್ಲ. ಎರಡನೆಯ ಅರ್ಧದಲ್ಲಿ ಲಿಝೀ ಆರ್ನಟ್ ಎಂಬ ಸ್ಕಾಟ್ಲೆಂಡಿನ ಹುಡುಗಿಯ ಕಾಲಿನಿಂದ ಹೊರಟ ಚೆಂಡು ಬಲೆಯನ್ನು ಸೇರಿತು. ಒಂದಕ್ಕೆ ಸೊನ್ನೆ, ಅಷ್ಟೇ ಸಾಕಾಗಿತ್ತು. ಮೂರು ವಾರಗಳ ಮೇಲೆ ಲೀಗಿನ ಮೊದಲ ಪಂದ್ಯದಲ್ಲಿ ಆಸ್ಟನ್ ವಿಲ್ಲಾ ತಂಡದ ಮೇಲೆ ಹನ್ನೆರಡು ಗೋಲು! ಐದನ್ನು ಹೊಡೆದವಳು ಸಿಗ್ಸ್‌ವರ್ತ್. ವರ್ಷ ಮುಗಿಯುವಾಗ ತಂಡ ಎರಡನೆಯ ದರ್ಜೆಯನ್ನು ಗೆದ್ದು ಮೊದಲನೆಯದಕ್ಕೆ ಏರಿತ್ತು.

ಮುಂದಿನದನ್ನು ಬೇಗ ಹೇಳಬಹುದು. ಓಲ್ಡ್ ಟ್ರ್ಯಾಫರ್ಡಿನ ಹುಲ್ಲಿನ ಮೇಲೆ ಅವರು ಮೊದಲ ಸಲ ಕಾಲಿಟ್ಟದ್ದು ೨೦೨೧ರ ಮಾರ್ಚ್ ೨೭ರಂದು. ಸಾಂಕ್ರಾಮಿಕದ ದಿನಗಳಾದ್ದರಿಂದ ಸುತ್ತಲಿನ ಎಪ್ಪತ್ತು ಸಾವಿರಕ್ಕೂ ಮೀರಿದ ಆಸನಗಳಲ್ಲಿ ಪ್ರೇಕ್ಷಕನೊಬ್ಬನೂ ಇರಲಿಲ್ಲ. ಆ ಬೇಸಿಗೆಯಲ್ಲಿಯೇ ಸ್ಟೋನಿ ರಾಜೀನಾಮೆ ಕೊಟ್ಟು ಹೊರನಡೆದರು. ಅಭ್ಯಾಸದ ಅನುಕೂಲಗಳ ಬಗೆಗಿನ ಅತೃಪ್ತಿಯೇ ಕಾರಣವೆಂದು ಪತ್ರಿಕೆಗಳು ಬರೆದವು. ೨೦೨೪ರ ಮೇ ೧೨ರಂದು ವೆಂಬ್ಲಿಯಲ್ಲಿ, ೭೬,೦೮೨ ಜನರ ಎದುರಿಗೆ, ಟಾಟನ್‌ಹ್ಯಾಮ್ ತಂಡವನ್ನು ನಾಲ್ಕು ಗೋಲುಗಳಿಂದ ಸೋಲಿಸಿ ಯುನೈಟೆಡ್‌ನ ವನಿತೆಯರು ದೇಶದ ಕಪ್ಪನ್ನು ಗೆದ್ದರು. ಮೊದಲ ಗೋಲು ಎಲ್ಲಾ ಟೂನಳದು. ಕಪ್ಪನ್ನು ಎತ್ತಿ ಹಿಡಿದ ನಾಯಕಿ ಕೇಟಿ ಝೆಲೆಮ್.

ಮರುತಿಂಗಳು ಇನ್ನೊಂದು ಸುದ್ದಿ ಬಂತು. ಕ್ಯಾರಿಂಗ್ಟನ್ನಿನಲ್ಲಿ ಗಂಡಸರ ಕಟ್ಟಡವನ್ನು ದುರಸ್ತಿ ಮಾಡಬೇಕಾದ್ದರಿಂದ ಅವರು ಹೆಂಗಸರ ಹೊಸ ಕಟ್ಟಡಕ್ಕೆ ಬರುವರೆಂದೂ, ಹೆಂಗಸರು ಅಲ್ಲಿಯವರೆಗೆ ತಾತ್ಕಾಲಿಕ ಕೊಠಡಿಗಳಲ್ಲಿ ಇರತಕ್ಕದ್ದೆಂದೂ ಸಂಘ ತೀರ್ಮಾನಿಸಿತು. ಮನೆಗೆ ನೆಂಟರು ಬಂದಾಗ ಕೋಣೆ ಬಿಟ್ಟುಕೊಟ್ಟು ಅಡಿಗೆಮನೆಯಲ್ಲಿ ಚಾಪೆ ಹಾಸಿಕೊಂಡು ಅಭ್ಯಾಸವಿರುವ ನಮ್ಮ ಹೆಣ್ಣುಮಕ್ಕಳು ಇದನ್ನು ಓದಿ ನಕ್ಕಾರು.

ಅದೇ ಬೇಸಿಗೆಯಲ್ಲಿ ಝೆಲೆಮ್ ಅಮೆರಿಕದ ಲಾಸ್ ಏಂಜಲಿಸ್ ನಗರದ ತಂಡವೊಂದನ್ನು ಸೇರಲು ಹೊರಟಳು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ.