ಬೋ ಘಂಟೆಯ ಕೆಳಗಿನ ಮಾತು

ಲಂಡನ್ ನಗರದ ಚೀಪ್‌ಸೈಡ್ ಬೀದಿಯಲ್ಲಿ ಸೇಂಟ್ ಮೇರಿ-ಲ-ಬೋ ಎಂಬ ಇಗರ್ಜಿಯೊಂದಿರುವುದು. ೧೬೬೬ರ ಮಹಾಗ್ನಿಯಲ್ಲಿ ಬೆಂದುಹೋದ ಅದನ್ನು ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿಯು ಮರಳಿ ಕಟ್ಟಿದನು. ಅದರ ಘಂಟಾನಾದವು ಕೇಳಿಸುವಷ್ಟು ಸಮೀಪದಲ್ಲಿ ಹುಟ್ಟಿದವನೇ ನಿಜವಾದ 'ಕಾಕ್ನಿ'ಯೆಂದು ಅಲ್ಲಿಯ ಹಳೆಯ ನಂಬಿಕೆ. ಲಂಡನ್ನಿಗೆ ಹೋದವರು ಅರಮನೆ, ಸೇತುವೆಗಳನ್ನು ನೋಡಿ ತೃಪ್ತರಾಗುವುದುಂಟು. ನಾವಾದರೋ ಈ ಇಗರ್ಜಿಯಿಂದ ಪೂರ್ವಕ್ಕೆ, ವೈಟ್‌ಚಾಪೆಲಿನ ಕಡೆಗೆ ನಡೆಯುತ್ತ ಬಡವರ ಮಾತಿನ ಮೂಲವನ್ನು ವಿಚಾರಿಸೋಣ.

'ಕಾಕ್ನಿ' ಎಂದರೆ ಮೊದಲಿಗೆ 'ಹುಂಜದ ಮೊಟ್ಟೆ', ಅಂದರೆ ಸಣ್ಣದಾದ ವಿಕಾರವಾದ ಮೊಟ್ಟೆ. ಬಳಿಕ ಅದು ಮುದ್ದಿನಿಂದ ಕೆಟ್ಟ ಮಗುವಿನ ಹೆಸರಾಯಿತು. ಆಮೇಲೆ ಪಟ್ಟಣದ ಸುಕುಮಾರರನ್ನು ಹಂಗಿಸುವ ಮಾತಾಯಿತು. ೧೬೦೦ರ ಹೊತ್ತಿಗೆ ಲಂಡನ್ನಿನವರಿಗೇ ಅದು ಅಂಟಿಕೊಂಡಿತು. ಮುಂದೆ ಅವರು ಆ ಬೈಗುಳನ್ನೇ ಬಿರುದಾಗಿ ಧರಿಸಿದರು!

ಪೂರ್ವ ಲಂಡನ್ನಿನ ಬೀದಿಗಳಲ್ಲಿ ಹಣ್ಣು ತರಕಾರಿಗಳನ್ನು ಮಾರುವವರಿಗೆ 'ಕಾಸ್ಟರ್‌ಮಾಂಗರ್' ಎಂದು ಹೆಸರು. 'ಕಾಸ್ಟರ್ಡ್' ಎಂಬುದು ಸೇಬಿನ ಒಂದು ಜಾತಿ. ಇಂಥ ಬೀದಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಪ್ರಾಸದ ಗೂಢಭಾಷೆಯೊಂದು ಬೆಳೆಯಿತು. ಜಾನ್ ಕ್ಯಾಮ್ಡೆನ್ ಹಾಟನ್ ಎಂಬವನು ೧೮೫೯ರ ತನ್ನ ಕೋಶದಲ್ಲಿ ಅದನ್ನು ದಾಖಲಿಸಿದನು. ಮೆಟ್ಟಿಲಿಗೆ ಇಂಗ್ಲಿಷಿನಲ್ಲಿ 'ಸ್ಟೇರ್ಸ್'. ಅದಕ್ಕೆ ಪ್ರಾಸವಾಗಿ ಇವರು 'ಆಪಲ್ಸ್ ಅಂಡ್ ಪೇರ್ಸ್', ಎಂದರೆ ಸೇಬು-ಮರಸೇಬು, ಎನ್ನುವರು. 'ಹೆಡ್' ಎಂದರೆ ತಲೆ. ಅದು 'ಲೋಫ್ ಆಫ್ ಬ್ರೆಡ್' ಆಯಿತು. ಕಡೆಗೆ ಪ್ರಾಸದ ಪದವೇ ಬಿದ್ದುಹೋಗಿ 'ಲೋಫ್' ಮಾತ್ರ ಉಳಿಯಿತು. 'ನಿನ್ನ ರೊಟ್ಟಿಯನ್ನು ಉಪಯೋಗಿಸು' ಎಂದರೆ ಹೊರಗಿನವನಿಗೆ ತಿಳಿಯುವುದು ಹೇಗೆ? 'ತಲೆ ಓಡಿಸು' ಎಂಬುದೇ ಅದರ ಅರ್ಥ.

ಇಂಗ್ಲಿಷರ ಆಡುಮಾತಿನಲ್ಲಿ ನಮಗೆ ಪರಿಚಿತವಾದ ಶಬ್ದವೂ ಒಂದುಂಟು. 'ವಿಲಾಯಿತಿ' ಎಂಬ ಅರಬ್ಬೀ ಮೂಲದ ಮಾತು ನಮ್ಮ ಹಿರಿಯರಿಗೆ ಇಂಗ್ಲೆಂಡಿನ ಹೆಸರಾಗಿತ್ತು. ಹಿಂದೂಸ್ಥಾನಿಯಲ್ಲಿ ಅದನ್ನು ಕೇಳಿದ ಸಿಪಾಯಿಗಳು 'ಬ್ಲೈಟಿ' ಎಂದರು. ೧೯೧೪-೧೮ರ ಮಹಾಯುದ್ಧದ ಕಂದಕಗಳಲ್ಲಿ ಅದು ತಾಯ್ನಾಡಿನ ಹಂಬಲವನ್ನೆಲ್ಲ ತುಂಬಿಕೊಂಡಿತು. ಪ್ರಾಣಕ್ಕೆರವಾಗದೆ ಊರಿಗೆ ಕಳುಹಿಸುವಷ್ಟು ದೊಡ್ಡ ಗಾಯಕ್ಕೂ 'ಬ್ಲೈಟಿ' ಎಂದೇ ಹೆಸರು! ಪರದೇಶವೆಂದು ನಾವು ಹೇಳಿದ ಮಾತು ಅವರಿಗೆ ಮನೆಯೆಂದಾದುದು ಎಷ್ಟು ಸೋಜಿಗ!

೧೯೪೧ರ ಮೇ ತಿಂಗಳಲ್ಲಿ ಜರ್ಮನರ ಬಾಂಬಿನಿಂದ ಬೋ ಘಂಟೆಗಳು ನಾಶವಾದವು. ಹೊಸ ಘಂಟೆಗಳು ಬಾರಿಸಿದುದು ೧೯೬೧ರಲ್ಲಿ. ಯುದ್ಧಾನಂತರ ಪೂರ್ವ ಲಂಡನ್ನಿನ ಅನೇಕ ಕುಟುಂಬಗಳು ಎಸೆಕ್ಸ್ ಪ್ರಾಂತಕ್ಕೆ ನೆಲೆ ಬದಲಿಸಿದುವು. ಅವರ ನುಡಿಯೂ ಅವರೊಡನೆ ಹೋಯಿತು. ಇಂದು ವೈಟ್‌ಚಾಪೆಲಿನಲ್ಲಿ ವಂಗದೇಶೀಯರ ಸಂಸಾರಗಳು ಬಹಳ. ಲಂಡನ್ನಿನ ಎಳೆಯರು ಜಮೈಕಾ ಮೊದಲಾದ ದ್ವೀಪಗಳ ಪದಗಳನ್ನೂ ಬೆರೆಸಿ ಬೇರೊಂದು ಬಗೆಯ ಇಂಗ್ಲಿಷನ್ನು ಆಡುತ್ತಿರುವರು.

ಘಂಟೆಯನ್ನು ಮರಳಿ ಎರಕಹೊಯ್ಯಬಹುದು. ಚದುರಿದ ಕೇರಿಯನ್ನು ಹಾಗೆ ಕೂಡಿಸಲಾಗದು. ಆದರೂ ಅವರು ಕಟ್ಟಿದ ಮಾತು ನಿಘಂಟಿನಲ್ಲಿ ಪಂಡಿತರ ಪದಗಳ ಪಕ್ಕದಲ್ಲಿಯೇ ಕುಳಿತಿದೆ. ಬೀದಿಯ ಮಾತನ್ನು ಅಪಭ್ರಂಶವೆಂದು ತಳ್ಳುವ ಮೊದಲು ಅದರ ವಂಶಾವಳಿಯನ್ನು ಕೇಳುವುದು ಲೇಸು.