ಟ್ರಂಕಿನಲ್ಲಿದ್ದ ಮೂರು ತಟ್ಟೆಗಳು

ಸಂಗೀತವೆಂಬುದು ತಂಬೂರಿಯ ಶ್ರುತಿಯೊಡನೆ ಆರಂಭವಾಗತಕ್ಕದ್ದೆಂದು ನಂಬಿ ಅರವತ್ತು ವರ್ಷಗಳನ್ನು ಕಳೆದವನು ನಾನು. ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟು ಈಚೆಗೆ ನಿವೃತ್ತನಾದೆನು. ಇಂಥವನು ಅಮೆರಿಕದ ಗದ್ದಲದ ವಾದ್ಯಮೇಳವೊಂದರ ವಿಷಯವಾಗಿ ಬರೆಯಲು ಕುಳಿತಿರುವನೆಂದರೆ ವಾಚಕರು ನಗಬಹುದು. ನಗಲಿ; ಸಂಗತಿಯನ್ನು ಮಾತ್ರ ಪೂರ್ತಿಯಾಗಿ ಕೇಳಬೇಕು.

ಹೋದ ತಿಂಗಳು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಪುಸ್ತಕಗಳನ್ನು ಬಿಸಿಲಿಗೆ ಹರಡುತ್ತಿದ್ದಾಗ ಮೂರು ಸಿ.ಡಿ. ತಟ್ಟೆಗಳ ಕಟ್ಟೊಂದು ಕೈಗೆ ಸಿಕ್ಕಿತು. ಅದನ್ನು ಅಲ್ಲಿ ಅಡಗಿಸಿದವನು ನಾನೇ. 2007ರಲ್ಲಿ ನನ್ನ ಮನೆಯಾಕೆ ತೀರಿಕೊಂಡಳು. ಆಗ ಮಗನಿಗೆ ಹದಿನೇಳು ವರ್ಷ. ತಿಂಗಳು ತುಂಬುವುದರೊಳಗಾಗಿ ಆತನು ಕೋಣೆಯ ಕದವಿಕ್ಕಿಕೊಂಡು ಈ ತಟ್ಟೆಗಳನ್ನು ಹಗಲೂ ರಾತ್ರಿಯೂ ಹಾಕತೊಡಗಿದನು. ಸಾವಾದ ಮನೆಯಲ್ಲಿ ಇದೆಂಥ ಕೂಗಾಟವೆಂದು ಗದರಿದೆನು, ಉತ್ತರವಿಲ್ಲ. ಒಂದು ದಿನ ಆತನು ಕಾಲೇಜಿಗೆ ಹೋಗಿದ್ದ ಸಮಯ ನೋಡಿ ಅವುಗಳನ್ನೆತ್ತಿ ಟ್ರಂಕಿನಲ್ಲಿಟ್ಟು ಬೀಗವಿಕ್ಕಿದೆನು. ಎಲ್ಲಿ ಹೋದವೆಂದು ಆತನು ಕೇಳಲೂ ಇಲ್ಲ. ಆಮೇಲೆ ನಮ್ಮಿಬ್ಬರ ಮಾತು ಊಟ, ಹಣ, ಪರೀಕ್ಷೆ ಇಷ್ಟರಲ್ಲೇ ನಿಂತುಹೋಯಿತು. ಈಗ ಆತನು ಪುಣೆಯಲ್ಲಿದ್ದಾನೆ.

ಹಳೆಯ ಯಂತ್ರವಿನ್ನೂ ಕೆಲಸ ಮಾಡುತ್ತಿದ್ದಿತು. ಕುತೂಹಲದಿಂದಲೋ ಪಶ್ಚಾತ್ತಾಪದಿಂದಲೋ ತಟ್ಟೆಯನ್ನು ಹಾಕಿದೆನು. ಅರ್ಥವಾಗದ ಸಂಗತಿಗಳನ್ನು ಅಲ್ಲಲ್ಲಿ ಓದಿ ತಿಳಿದುಕೊಂಡೆನು. ಮೇಳದ ಹೆಸರು ಡ್ರೀಮ್ ಥಿಯೇಟರ್. ಅವರ ಸಂಗೀತಕ್ಕೆ ಪ್ರೋಗ್ರೆಸಿವ್ ಮೆಟಲ್ ಎನ್ನುತ್ತಾರೆ. ‘ಲೈವ್ ಸೀನ್ಸ್ ಫ್ರಂ ನ್ಯೂಯಾರ್ಕ್’ ಎಂಬ ಈ ಸಂಪುಟವು 2000ನೆಯ ಇಸವಿ ಆಗಸ್ಟ್ 30ರಂದು ಆ ನಗರದ ರೋಸ್‌ಲ್ಯಾಂಡ್ ಸಭಾಂಗಣದಲ್ಲಿ ನಡೆದ ಕಚೇರಿಯ ಮುದ್ರಣ. ಇದು ಹೊರಬಂದ ದಿನ 2001ರ ಸೆಪ್ಟೆಂಬರ್ 11. ಮುಖಚಿತ್ರದಲ್ಲಿ ನ್ಯೂಯಾರ್ಕಿನ ಗೋಪುರಗಳ ಮೇಲೆ ಜ್ವಾಲೆಗಳನ್ನು ಬರೆಯಲಾಗಿದ್ದಿತು. ಅದೇ ದಿನ ಆ ಗೋಪುರಗಳು ನಿಜವಾಗಿಯೂ ಉರಿದುಬಿದ್ದವು. ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡು ಬೇರೆ ಚಿತ್ರದೊಡನೆ ಮತ್ತೆ ಹೊರಡಿಸಿದರು. ನಮ್ಮಲ್ಲಿರುವುದು ಆ ಎರಡನೆಯ ಬಗೆಯದು.

ಮೊದಲು ಅವರು ನುಡಿಸುವುದು ತಾವು 1999ರಲ್ಲಿ ಪ್ರಕಟಿಸಿದ್ದ ಒಂದು ಕಥಾಸಂಗೀತವನ್ನು, ಆದ್ಯಂತವಾಗಿ. ನಿಕೊಲಾಸ್ ಎಂಬ ಯುವಕನು ವೈದ್ಯನೊಬ್ಬನು ತರಿಸಿದ ಸಮ್ಮೋಹನನಿದ್ರೆಯಲ್ಲಿ ತನ್ನ ಪೂರ್ವಜನ್ಮವನ್ನು ಕಾಣುತ್ತಾನೆ. ಆ ಜನ್ಮದಲ್ಲಿ ಆತನು ವಿಕ್ಟೋರಿಯಾ ಎಂಬ ಹೆಂಗಸು, 1928ರಲ್ಲಿ ಕೊಲೆಯಾದವಳು. ನಾನು ಬೆಚ್ಚಿ ಕುಳಿತೆನು. ಬಾಣಭಟ್ಟನ ಕಾದಂಬರಿಯನ್ನು ಎಷ್ಟು ವರ್ಷ ಪಾಠ ಹೇಳಿದ್ದೆನು! ಅಲ್ಲಿಯೂ ಗಿಳಿಯೊಂದು ರಾಜಸಭೆಯಲ್ಲಿ ಕಥೆಗೆ ತೊಡಗಿ, ಜನ್ಮಾಂತರದ ಗಂಟುಗಳು ಒಂದೊಂದಾಗಿ ಬಿಚ್ಚುತ್ತವೆ. ಸತ್ತವರು ಸಂಪೂರ್ಣವಾಗಿ ಹೋಗಿಬಿಡುವುದಿಲ್ಲವೆಂಬ ಆ ಮಾತನ್ನು ಊರ ಮಕ್ಕಳಿಗೆಲ್ಲ ಹೇಳಿದೆನು. ಅದನ್ನು ಕೇಳಬೇಕೆಂದು ಹಂಬಲಿಸುತ್ತಿದ್ದವನು ನನ್ನ ಮನೆಯಲ್ಲಿಯೇ ಕದವಿಕ್ಕಿಕೊಂಡು ಕುಳಿತಿದ್ದನು.

ಎಲ್ಲವೂ ನನಗೆ ಹಿಡಿಸಿತೆಂದರೆ ಸುಳ್ಳಾದೀತು. ಕೆಲವೆಡೆ ಗಾಯಕನ ಕೂಗು ಇಂದಿಗೂ ನನ್ನ ಕಿವಿಗೆ ಸಹ್ಯವಲ್ಲ. ‘ದಿ ಡಾನ್ಸ್ ಆಫ್ ಎಟರ್ನಿಟಿ’ ಎಂಬ ಬರಿಯ ವಾದ್ಯದ ಕೃತಿಯಲ್ಲಿ ಸುಮಾರು ಆರು ನಿಮಿಷಗಳೊಳಗೆ ತಾಳವು ನೂರಕ್ಕೂ ಮಿಗಿಲಾದ ಸಲ ಬದಲಾಗುತ್ತದೆ. ನಾನು ಬೆರಳೆಣಿಸಹೊರಟು ಎರಡೇ ನಿಮಿಷಕ್ಕೆ ಸೋತೆನು. ಆದರೆ ನಾಲ್ಕು ಜನ ವಾದಕರು ಒಂದು ಪೆಟ್ಟೂ ತಪ್ಪದೆ ಕೂಡಿ ನಿಲ್ಲುವಾಗ ಸಭೆಯು ಉಘೇ ಎನ್ನುವುದಿದೆಯಲ್ಲ, ಅದು ನಮ್ಮಲ್ಲಿ ತನಿಯಾವರ್ತನದ ಮುಕ್ತಾಯಕ್ಕೆ ಏಳುವ ಸದ್ದೇ ಸರಿ. ಇನ್ನೊಂದು ಕಡೆ ಚರ್ಚಿನ ಹಾಡುಗಾರರ ವೃಂದವು ವೇದಿಕೆಗೆ ಬಂದು ದನಿಗೂಡಿಸುತ್ತದೆ. ಅಲ್ಲಿ ಯಂತ್ರವನ್ನು ನಿಲ್ಲಿಸಿ, ಸ್ವಲ್ಪ ನೀರು ಕುಡಿದು, ಮತ್ತೆ ಕೇಳಿದೆನು.

ಮೂರನೆಯ ತಟ್ಟೆಯ ಕೊನೆಗೆ ‘ಎ ಚೇಂಜ್ ಆಫ್ ಸೀಸನ್ಸ್’ ಎಂಬ, ಇಪ್ಪತ್ತು ನಿಮಿಷಕ್ಕೂ ಉದ್ದವಾದ ಹಾಡು. ಅದರ ಸಾಹಿತ್ಯವನ್ನು ಬರೆದವನು ಡ್ರಮ್ ಬಾರಿಸುವ ಮೈಕ್ ಪೋರ್ಟ್ನಾಯ್. ಆತನ ತಾಯಿ 1984ರಲ್ಲಿ ವಿಮಾನದ ಅಪಘಾತದಲ್ಲಿ ಮಡಿದಳು. ಆ ದುಃಖವೇ ಆ ಹಾಡಿನ ಮೂಲ. ಆಗ ಆತನಿಗೂ ಹದಿನೇಳು ವರ್ಷ.

ಆ ರಾತ್ರಿ ಪುಣೆಗೆ ಫೋನು ಮಾಡಿದೆನು. ತಟ್ಟೆಗಳನ್ನು ಎತ್ತಿಟ್ಟವನು ನಾನೇ ಎಂದು ಹೇಳಿದೆನು.

“ಗೊತ್ತಿತ್ತು, ಅಪ್ಪ” ಎಂದನು.

“ಮೂರನೆಯದನ್ನೂ ಕೇಳಿದೆ.”

ಬಹಳ ಹೊತ್ತು ಮಾತಿಲ್ಲ. ತರುವಾಯ ಮೆಲ್ಲಗೆ, “ಅದರ ಕೊನೇಲಿ ಒಂದು ಗೀರಿದೆ, ನಿಂತು ನಿಂತು ಹೋಗುತ್ತೆ. ಮೆತ್ತನೆ ಬಟ್ಟೇಲಿ ಒರೆಸಿ ಹಾಕಿ. ಅಮ್ಮನ ತಿಥಿಗೆ ಎರಡು ದಿನ ಮುಂಚೆಯೇ ಬರ್ತೀನಿ” ಎಂದನು.

ನಾನು ಅಂಗವಸ್ತ್ರದ ತುದಿಯಿಂದ ಒರೆಸಿ ಹಾಕಿದೆನು. ಆದರೂ ಅದೇ ಜಾಗದಲ್ಲಿ ನಿಲ್ಲುತ್ತದೆ.