ಹಿಂದಿನ ಹಲ್ಲಿಗೆ ಯಾವ ಕ್ಯಾಪ್?

"ಹಿಂದಿನ ಹಲ್ಲನ್ನು ಯಾರು ನೋಡುತ್ತಾರೆ?" ಈ ಮಾತನ್ನು ನಮ್ಮ ಕುಟುಂಬಗಳಲ್ಲಿ ಹೆಚ್ಚಾಗಿ ತಾಯಂದಿರೇ ಆಡುತ್ತಾರೆ. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಲು ಚೀಟಿ ಹಣ ಎತ್ತುವ ತಾಯಿ, ತನ್ನ ದವಡೆ ಹಲ್ಲು ನೋಯುವಾಗ ಲವಂಗ ಕಚ್ಚಿಕೊಂಡು ಅಡುಗೆ ಮುಂದುವರಿಸುತ್ತಾಳೆ. ನನ್ನ ಪತ್ನಿಯೂ ಎರಡು ವರ್ಷ ಹಾಗೆಯೇ ತಳ್ಳಿದಳು. ಕೆಳಗಿನ ಎಡ ದವಡೆಯ ದೊಡ್ಡ ಹಲ್ಲು ಹುಳುಕಾಗಿತ್ತು. ಊಟವೆಲ್ಲ ಬಲಗಡೆಯಿಂದಲೇ. ಸೋಲೂರಿನ ಚಳಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿರುವಾಗ ನಲ್ಲಿ ನೀರು ಬಾಯಿಗೆ ಹಾಕಿಕೊಂಡರೆ ಒಳ್ಳೆಯ ಹಲ್ಲೇ ಜುಮ್ಮೆನ್ನುತ್ತದೆ. ಅವಳು ವರ್ಷವಿಡೀ ನೀರು ಕಾಯಿಸಿಯೇ ಬಾಯಿ ಮುಕ್ಕಳಿಸುತ್ತಿದ್ದಳು.

ನಮ್ಮ ತಾಯಿಯವರ ಕಾಲದಲ್ಲಿ ಇದಕ್ಕೆ ಒಂದೇ ಮದ್ದು, ಕೀಳಿಸುವುದು. ಐವತ್ತು ದಾಟುವ ಹೊತ್ತಿಗೆ ಅವರಿಗೆ ಎರಡೂ ಕಡೆ ದವಡೆ ಹಲ್ಲು ಇರಲಿಲ್ಲ. ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಗುತ್ತಲೇ ಹೇಳುತ್ತಿದ್ದರು. ನಗುತ್ತಿದ್ದುದು ನಿಜ. ಆದರೆ ಹುರಿದ ಅವರೆಕಾಳನ್ನು ಮೊಮ್ಮಕ್ಕಳ ಕೈಗೆ ಹಾಕಿ, ಅವರು ಕಟಕಟನೆ ಅಗಿಯುವುದನ್ನು ನೋಡುತ್ತಾ ಕೂರುತ್ತಿದ್ದುದನ್ನು ನಾನು ಮರೆತಿಲ್ಲ.

ಪತ್ನಿಯ ಕೆನ್ನೆ ಊದಿಕೊಂಡ ಮೇಲೆ ಊಟಿಗೆ ಕರೆದೊಯ್ದು ರೂಟ್ ಕೆನಾಲ್ ಮಾಡಿಸಿದೆವು. ನೋವು ಹೋಯಿತು. "ಇದರ ಮೇಲೆ ಕ್ಯಾಪ್ ಹಾಕಲೇಬೇಕು, ತಡ ಮಾಡಬೇಡಿ" ಎಂದರು ಡಾಕ್ಟರು. "ನೋವೇ ಇಲ್ಲವಲ್ಲ ಡಾಕ್ಟ್ರೇ, ಇನ್ನು ಕ್ಯಾಪ್ ಯಾಕೆ?" ಎಂದಳು ಇವಳು. ಬಹುತೇಕ ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಹುಳುಕು ತೆಗೆದು, ನರದ ದಾರಿ ತೆರೆದು ಸ್ವಚ್ಛ ಮಾಡಿದ ಮೇಲೆ ಹಲ್ಲಿನಲ್ಲಿ ಉಳಿಯುವುದು ಸುತ್ತಲಿನ ಗೋಡೆ ಮಾತ್ರ. ಒಳಗೆ ಸಿಮೆಂಟು ತುಂಬಿದರೂ ಗೋಡೆ ತೆಳ್ಳಗೇ ಇರುತ್ತದೆ. ಗಟ್ಟಿಯಾಗಿ ಕಚ್ಚಿದಾಗ ದವಡೆ ಹಲ್ಲಿನ ಮೇಲೆ 50 ಕಿಲೋ ತೂಕಕ್ಕೂ ಮೀರಿದ ಒತ್ತಡ ಬೀಳಬಹುದು. ಒಂದು ದಿನ ಒಂದು ಕಡಲೆ ಅಡ್ಡ ಸಿಕ್ಕರೆ, ಸೌದೆ ಸೀಳಿದ ಹಾಗೆ ಹಲ್ಲು ಬುಡದವರೆಗೆ ಸೀಳುತ್ತದೆ. ಹಾಗೆ ಸೀಳಿದ ದವಡೆ ಹಲ್ಲನ್ನು ಉಳಿಸುವುದು ಬಹಳ ಕಷ್ಟ. ರೂಟ್ ಕೆನಾಲ್‌ಗೆ ಕೊಟ್ಟ ಹಣವೂ ಹಲ್ಲಿನ ಜೊತೆಗೇ ಹೋಗುತ್ತದೆ. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆ ಮರ ಬಿರಿಯದಂತೆ ಹಿಡಿಯುವ ಹಾಗೆ, ಹಲ್ಲು ಸೀಳದಂತೆ ಸುತ್ತಲೂ ಹಿಡಿಯುವುದೇ ಕ್ಯಾಪಿನ ಕೆಲಸ.

ಸರಿ, ಹಾಕಿಸೋಣ. ಯಾವುದು? ನಮಗೆ ಹೇಳಿದ ದರ ಹೀಗಿತ್ತು: ಬರೀ ಲೋಹದ್ದು 3,000 ರೂಪಾಯಿ, ಒಳಗೆ ಲೋಹ ಹೊರಗೆ ಪಿಂಗಾಣಿಯದ್ದು 5,000, ಲೋಹವೇ ಇಲ್ಲದ ಪೂರ್ತಿ ಸೆರಾಮಿಕ್, ಅಂದರೆ ಜಿರ್ಕೋನಿಯಾ, 12,000. ಊರಿಂದ ಊರಿಗೆ, ಡಾಕ್ಟರಿಂದ ಡಾಕ್ಟರಿಗೆ ಇದು ಬದಲಾಗುತ್ತದೆ. ಚಹಾ ಎಲೆ ಮಾರಿ ಬದುಕುವ ಮನೆಯಲ್ಲಿ ಹನ್ನೆರಡು ಸಾವಿರ ಸಣ್ಣ ಮೊತ್ತವಲ್ಲ. "ಮೂರು ಸಾವಿರದ್ದೇ ಸಾಕು, ಬಾಯಿ ಮುಚ್ಚಿದರೆ ಯಾವುದಾದರೇನು" ಎಂದಳು ಪತ್ನಿ. ಮೈಸೂರಿನಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮಾ, ಬಿಳಿಯದ್ದೇ ಹಾಕಿಸ್ಕೋ, ನಕ್ಕರೆ ಕಬ್ಬಿಣ ಕಾಣೋದು ಬೇಡ" ಎಂದಳು. ಇಬ್ಬರ ಮಾತಿನಲ್ಲೂ ಹಲ್ಲೇ ಇರಲಿಲ್ಲ ನೋಡಿ. ಒಬ್ಬಳಿಗೆ ಹಣ, ಇನ್ನೊಬ್ಬಳಿಗೆ ಬಣ್ಣ. ಅಗಿಯುವ ಹಲ್ಲಿಗೆ ಯಾವುದು ಒಳ್ಳೆಯದು ಎಂಬುದನ್ನು ಕೇಳಿ ತಿಳಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ತಾಳ್ಮೆಯವರು. ಕೇಳಿದ್ದಕ್ಕೆಲ್ಲ ಉತ್ತರಿಸಿದರು. ಉಳಿದದ್ದನ್ನು ಓದಿ ತಿಳಿದುಕೊಂಡೆ.

ಲೋಹದ ಕ್ಯಾಪನ್ನು ಕೀಳಾಗಿ ಕಾಣಬೇಕಾಗಿಲ್ಲ. ಅದು ಒಡೆಯುವುದಿಲ್ಲ, ತೆಳ್ಳಗೆ ಮಾಡಬಹುದು, ಆದ್ದರಿಂದ ಹಲ್ಲನ್ನು ಹೆಚ್ಚು ಉಜ್ಜಿ ಸಣ್ಣದು ಮಾಡಬೇಕಾಗಿಲ್ಲ. ಚಿನ್ನದ ಕ್ಯಾಪಂತೂ ದವಡೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಈಗಿನ ಚಿನ್ನದ ಬೆಲೆಯಲ್ಲಿ ಅದರ ಮಾತು ಬೇಡ. ಸಾಮಾನ್ಯವಾಗಿ ಹಾಕುವುದು ನಿಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ.

ಎರಡನೆಯದು, ಲೋಹದ ಮೇಲೆ ಪಿಂಗಾಣಿ ಬೇಯಿಸಿ ಕೂರಿಸಿದ್ದು. ಅಮೆರಿಕದಲ್ಲಿ 1962ರಲ್ಲಿ ಪೇಟೆಂಟ್ ಆದ ವಿಧಾನ ಇದು. ಹಲವು ದಶಕಗಳ ಕಾಲ ಲೋಕದ ತುಂಬ ಇದೇ ನಡೆಯಿತು, ಈಗಲೂ ನಡೆಯುತ್ತಿದೆ. ಆದರೆ ಲೋಹಕ್ಕೂ ಜಾಗ ಬೇಕು, ಅದನ್ನು ಮರೆಮಾಡುವ ಪಿಂಗಾಣಿಗೂ ಜಾಗ ಬೇಕು. ಆದ್ದರಿಂದ ಅಗಿಯುವ ಭಾಗದಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ಹಲ್ಲನ್ನು ಉಜ್ಜಬೇಕಾಗುತ್ತದೆ. ಕೆಲವು ವರ್ಷಗಳಲ್ಲಿ ಮೇಲಿನ ಪಿಂಗಾಣಿ ಚಕ್ಕೆ ಏಳುವುದೂ ಉಂಟು. ವಸಡು ಸ್ವಲ್ಪ ಕೆಳಗಿಳಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ.

ಇನ್ನು ಪೂರ್ತಿ ಸೆರಾಮಿಕ್. ಇದು ಹೊಸದೇನಲ್ಲ. 1900ರ ಆಸುಪಾಸಿನಲ್ಲೇ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ ಬರೀ ಪಿಂಗಾಣಿಯ ಕ್ಯಾಪ್ ಮಾಡಿದ್ದರು. (1927ರಲ್ಲಿ ಒಬ್ಬರೇ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಇವರ ಮಗಳ ಮಗ!) ನೋಡಲು ಬಲು ಚೆಂದ, ಆದರೆ ಚಹಾ ಬಟ್ಟಲಿನಷ್ಟೇ ಬೇಗ ಒಡೆಯುತ್ತಿತ್ತು. ಮುಂದಿನ ಹಲ್ಲಿಗೆ ಸರಿ, ಹಿಂದಿನದಕ್ಕೆ ಆಗದು. 1965ರಲ್ಲಿ ಇಂಗ್ಲೆಂಡಿನ ಮೆಕ್ಲೀನ್ ಮತ್ತು ಹ್ಯೂಸ್ ಎಂಬುವರು ಪಿಂಗಾಣಿಗೆ ಅಲ್ಯೂಮಿನಾ ಬೆರೆಸಿ ಗಟ್ಟಿ ಮಾಡಿದರು. ಆಮೇಲೂ ದವಡೆಯ ಮಟ್ಟಿಗೆ ಅನುಮಾನ ಉಳಿದೇ ಇತ್ತು. ಅದನ್ನು ಹೋಗಲಾಡಿಸಿದ್ದು ಜಿರ್ಕೋನಿಯಾ.

ಅದರ ಕಥೆ ನನಗೆ ಬಹಳ ಹಿಡಿಸಿತು. 1789ರಲ್ಲಿ ಜರ್ಮನಿಯ ಕ್ಲಾಪ್ರೋಟ್ ಎಂಬ ರಸಾಯನಶಾಸ್ತ್ರಜ್ಞ ನಮ್ಮ ಪಕ್ಕದ ಸಿಲೋನಿನಿಂದ ಹೋದ ಒಂದು ರತ್ನದ ಕಲ್ಲಿನಲ್ಲಿ ಈ ಧಾತುವನ್ನು ಗುರುತಿಸಿದರು. ಅದೇ ಜಿರ್ಕಾನ್ ಖನಿಜ ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚಿ, ಕೇರಳದ ಚವರ ಕಡಲತೀರದ ಮರಳಿನಲ್ಲೂ ಸಿಗುತ್ತದೆ. 1975ರಲ್ಲಿ ಆಸ್ಟ್ರೇಲಿಯಾದ ಮೂವರು ವಿಜ್ಞಾನಿಗಳು ಜಿರ್ಕೋನಿಯಾಕ್ಕೆ ಒಂದು ವಿಶೇಷ ಗುಣವಿದೆ ಎಂದು ತೋರಿಸಿದರು. ಒಂದು ಕಡೆ ಬಿರುಕು ಹುಟ್ಟಿದರೆ, ಅದರ ತುದಿಯಲ್ಲಿರುವ ಹರಳುಗಳು ರೂಪ ಬದಲಿಸಿ ಸ್ವಲ್ಪ ಉಬ್ಬುತ್ತವೆ. ಉಬ್ಬಿದ ಹರಳುಗಳು ಬಿರುಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಮುಂದೆ ಹೋಗದಂತೆ ತಡೆಯುತ್ತವೆ. ಬಗ್ಗಿಸಿ ಮುರಿಯುವ ಪರೀಕ್ಷೆಯಲ್ಲಿ ಸಾಮಾನ್ಯ ಹಲ್ಲಿನ ಪಿಂಗಾಣಿಯ ಬಲ 100 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನ ಜಾತಿಯ ಸೆರಾಮಿಕ್‌ನದು 400ರ ಹತ್ತಿರ, ಜಿರ್ಕೋನಿಯಾದ್ದು ಸುಮಾರು 1,000.

ಮಾಡುವ ವಿಧಾನವೂ ಸ್ವಾರಸ್ಯವೇ. ಸೀಮೆಸುಣ್ಣದಂತೆ ಮೆತ್ತಗಿರುವ ಬಿಲ್ಲೆಯಿಂದ ಕಂಪ್ಯೂಟರ್ ಯಂತ್ರ ಕ್ಯಾಪನ್ನು ಕಡೆಯುತ್ತದೆ. ಆದರೆ ಬೇಕಾದ ಅಳತೆಗಿಂತ ಶೇಕಡ 20ರಿಂದ 25ರಷ್ಟು ದೊಡ್ಡದಾಗಿ! ಆಮೇಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಬೇಯಿಸಿದಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಇದನ್ನು ಕೇಳಿದಾಗ ಪತ್ನಿಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ಪಕ್ಕದ ಸೋಲೂರು ಕೋಕಾಲ್, ನೀಲಗಿರಿಯ ಕೋತರ ಏಳು ಊರುಗಳಲ್ಲಿ ಒಂದು. ಕೋತರಲ್ಲಿ ಮಡಕೆ ಮಾಡುವುದು ಹೆಂಗಸರ ಕೆಲಸ. ಹಿಂದೆ ಬಡಗರ ಮನೆಗಳಿಗೆ ಮಡಕೆ ಹೋಗುತ್ತಿದ್ದುದು ಅವರಿಂದಲೇ. "ಹಸಿ ಮಡಕೆ ಒಣಗಿ ಸುಟ್ಟ ಮೇಲೆ ಸಣ್ಣದಾಗೋದು ಯಾರಿಗೆ ಗೊತ್ತಿಲ್ಲ?" ಎಂದಳು.

ಹಾಗಾದರೆ ಜಿರ್ಕೋನಿಯಾ ಎಂದರೆ ಕಣ್ಣುಮುಚ್ಚಿ ಒಪ್ಪಬಹುದೇ? ಇಲ್ಲ. ಅದರಲ್ಲೂ ಬಗೆಗಳಿವೆ. ಒಳಗೆ ಜಿರ್ಕೋನಿಯಾ ಇಟ್ಟು ಮೇಲೆ ಅಂದಕ್ಕಾಗಿ ಪಿಂಗಾಣಿ ಹೊದಿಸಿದ್ದು ಒಂದು. ಅದರ ಹೊದಿಕೆಯೂ ಚಕ್ಕೆ ಏಳಬಲ್ಲದು. ಹಿಂದಿನ ಹಲ್ಲಿಗೆ ಹೊದಿಕೆಯಿಲ್ಲದೆ ಪೂರ್ತಿ ಜಿರ್ಕೋನಿಯಾದಲ್ಲೇ ಮಾಡಿದ್ದು ಮೇಲು. ಇತ್ತೀಚೆಗೆ ಬಂದಿರುವ, ಬೆಳಕು ಹೆಚ್ಚು ಹಾಯುವ ಜಿರ್ಕೋನಿಯಾ ನಿಜವಾದ ಹಲ್ಲಿನಂತೆಯೇ ಕಾಣುತ್ತದೆ, ಆದರೆ ಬಲ ಕಡಿಮೆ. ಅಂದ ಮುಂದಿನ ಹಲ್ಲಿಗಿರಲಿ, ಹಿಂದಕ್ಕೆ ಹಳೆಯ ಮೊಂಡು ಬಿಳಿಯದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ. ಲಿಥಿಯಂ ಡೈಸಿಲಿಕೇಟ್ ಕೂಡ ದವಡೆಗೆ ಹಾಕುತ್ತಾರೆ. ಅದು ನೋಡಲು ಚೆಂದ, ಹಲ್ಲಿಗೆ ಚೆನ್ನಾಗಿ ಅಂಟುತ್ತದೆ. ಆದರೆ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದವರು ಅದನ್ನು ಆರಿಸುವ ಮೊದಲು ಡಾಕ್ಟರಿಗೆ ಆ ವಿಷಯ ಹೇಳಬೇಕು.

ಗಟ್ಟಿಯಾದ ಜಿರ್ಕೋನಿಯಾ ಎದುರಿನ ಹಲ್ಲನ್ನು ತಿಂದುಹಾಕುತ್ತದೆ ಎಂಬ ಭಯ ಹಲವರಿಗಿದೆ. ಚೆನ್ನಾಗಿ ಪಾಲಿಷ್ ಮಾಡಿ ನುಣುಪಾಗಿಸಿದ ಜಿರ್ಕೋನಿಯಾ ಎದುರು ಹಲ್ಲಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಒರಟಾದದ್ದು. ಕ್ಯಾಪ್ ಕೂರಿಸುವ ದಿನ ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಕಡೆ ಉಜ್ಜುತ್ತಾರಲ್ಲ, ಆಗ ಉಜ್ಜಿದ ಜಾಗ ಒರಟಾಗುತ್ತದೆ. "ಮತ್ತೆ ಪಾಲಿಷ್ ಮಾಡ್ತೀರಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ತಿಳಿದರೂ ನಮ್ಮ ಮನೆಯ ತೀರ್ಮಾನ ಆದದ್ದು ಬೇರೆಯೇ ಕಾರಣಕ್ಕೆ. ಎರಡನೆಯ ಸಲ ಹೋದಾಗ ಡಾಕ್ಟರು, "ಅಮ್ಮಾ, ನಿಮಗೆ ಯಾವುದಾದರೂ ಲೋಹ ಆಗಿಬರುವುದಿಲ್ಲವೇ?" ಎಂದು ಕೇಳಿದರು. ಇಲ್ಲ ಎಂದಳು. "ಗಿಲೀಟಿನ ಓಲೆ ಹಾಕಿದರೆ?" ಆಗ ನೆನಪಾಯಿತು. ಚಿನ್ನದ ಓಲೆಯನ್ನು ಮಗಳ ಮದುವೆಗೆ ಕೊಟ್ಟ ಮೇಲೆ ಇವಳು ಹಬ್ಬಕ್ಕೆಲ್ಲ ಗಿಲೀಟಿನದ್ದೇ ಹಾಕುತ್ತಿದ್ದುದು. ಎರಡು ದಿನಕ್ಕೆ ಕಿವಿ ಕೆಂಪಾಗಿ ತುರಿಸಿ ನೀರಾಡುತ್ತಿತ್ತು. ಬರಬರುತ್ತಾ ಓಲೆ ಹಾಕುವುದನ್ನೇ ಬಿಟ್ಟು ಕಿವಿಗೆ ಬೇವಿನ ಕಡ್ಡಿ ಇಟ್ಟುಕೊಂಡಳು. ಹಲ್ಲಿನ ಡಾಕ್ಟರ ಬಳಿ ಕಿವಿಯ ವಿಷಯ ಯಾರು ಹೇಳುತ್ತಾರೆ? ಇಂಥ ಒಡವೆಗಳಲ್ಲಿ ನಿಕಲ್ ಇರುತ್ತದೆ, ತುರಿಕೆ ಬಹುಪಾಲು ಅದರದ್ದೇ. ಅಗ್ಗದ ಲೋಹದ ಕ್ಯಾಪಿನಲ್ಲೂ, ಹಲವು ಪಿಂಗಾಣಿ ಕ್ಯಾಪಿನ ಒಳಗೂ ಅದೇ ನಿಕಲ್. ಬಾಯಿಯಲ್ಲೂ ಹಾಗೆಯೇ ಆಗಿಯೇ ತೀರುತ್ತದೆ ಎಂದೇನಿಲ್ಲ, ಆದರೆ ವರ್ಷಗಟ್ಟಲೆ ಕಿತ್ತುಹಾಕಲಾಗದ ವಸ್ತುವನ್ನು ಪರೀಕ್ಷೆಗೆಂದು ಏಕೆ ಕೂರಿಸಬೇಕು ಎಂದರು ಡಾಕ್ಟರು. ಹಲ್ಲಿನ ಗೋಡೆಯೂ ತೆಳ್ಳಗಿತ್ತು. ಜಿರ್ಕೋನಿಯಾಕ್ಕೆ ಸುಮಾರು ಒಂದು ಮಿಲಿಮೀಟರ್ ಉಜ್ಜಿದರೆ ಸಾಕು ಎಂದರು.

ಹನ್ನೆರಡು ಸಾವಿರಕ್ಕೆ ಅವಳು ಒಪ್ಪಿದ್ದು ಹೀಗೆ. ಬಿಳುಪಿಗಾಗಿ ಎಂದಿದ್ದರೆ ಎಂದೂ ಒಪ್ಪುತ್ತಿರಲಿಲ್ಲ. ತನಗಾಗಿ ಖರ್ಚು ಮಾಡಿಸಿಕೊಳ್ಳಲು ಕೂಡ ನಮ್ಮ ಹೆಂಗಸರಿಗೆ ಒಂದು ಕಾಯಿಲೆಯ ಹೆಸರು ಬೇಕು! ಕೈಯಲ್ಲಿ ಆರು ಸಾವಿರ ಇತ್ತು, ಉಳಿದ ಹಣವನ್ನು ಡಾಕ್ಟರು ಎರಡು ಕಂತಿನಲ್ಲಿ ತೆಗೆದುಕೊಂಡರು. ಅಷ್ಟೂ ಆಗದವರು ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆ. ಖರ್ಚು ಕಡಿಮೆ, ಓಡಾಟ ಜಾಸ್ತಿ.

ಕ್ಯಾಪಿನ ಜೊತೆ ಒಂದು ಗ್ಯಾರಂಟಿ ಕಾರ್ಡ್ ಕೊಟ್ಟರು. ಹತ್ತು ವರ್ಷ ಎಂದು ಬರೆದಿದೆ. ಇದರ ಬಗ್ಗೆ ಒಂದು ಮಾತು. ಆ ಗ್ಯಾರಂಟಿ ಜಿರ್ಕೋನಿಯಾ ಒಡೆದರೆ ಮಾತ್ರ, ಹಲ್ಲಿಗಲ್ಲ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಕ್ಯಾಪಿನ ಅಂಚು ಮುಗಿದು ಹಲ್ಲು ಶುರುವಾಗುವ ಜಾಗಕ್ಕೆ ಹಿಡಿಯುತ್ತದೆ. ಅಲ್ಲಿ ಬ್ರಷ್ ತಲುಪದಿದ್ದರೆ ಹನ್ನೆರಡು ಸಾವಿರದ ಟೋಪಿ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ತಲೆ ಕರಗಿರುತ್ತದೆ. ನಾವು ಮೊದಲು ವಿಚಾರಿಸಿದ ಇನ್ನೊಂದು ಕಡೆ, ಹೆಸರು ಬೇಡ, ಹಲ್ಲನ್ನು ನೋಡುವ ಮೊದಲೇ ಇಂಥ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಹದಿನೈದು ವರ್ಷದ್ದು ತೆಗೆದುಕೊಳ್ಳಿ ಎಂದಿದ್ದರು. ಎಕ್ಸ್-ರೇ ನೋಡದೆ ಕಾರ್ಡ್ ತೋರಿಸುವವರ ಬಳಿ ನಾವು ಕೂರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕಾರು ಮಂದಿ ಇವಳನ್ನು "ಬಾಯಿ ತೆಗೀರಿ ನೋಡೋಣ" ಎಂದು ಕೇಳಿದ್ದರಿಂದಲೇ ಈ ಬರಹ. ಅಂದಹಾಗೆ, ಈಗ ನನ್ನ ಸರದಿ. ಬಲಗಡೆಯ ಕಟ್ಟಕಡೆಯ ಹಲ್ಲು ಸವೆದು ಗಿಡ್ಡವಾಗಿದೆ, ಮೇಲಿನ ಹಲ್ಲಿಗೂ ಅದಕ್ಕೂ ನಡುವೆ ಜಾಗವೇ ಇಲ್ಲ. ನನಗೆ ಲೋಹ ಆಗಿಬರದ ತೊಂದರೆಯೂ ಇಲ್ಲ. ನಿಮಗೆ ತೆಳ್ಳನೆಯ ಲೋಹದ್ದೇ ಸರಿ ಎಂದರು ಅದೇ ಡಾಕ್ಟರು. ಪತ್ನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ನನಗೆ ಮಾತ್ರ ಹನ್ನೆರಡು ಸಾವಿರದ್ದು, ನಿಮಗೆ ಮೂರು ಸಾವಿರದ್ದಾ? ಊರವರು ಏನಂದಾರು?" ಎನ್ನುತ್ತಾಳೆ. ಹಿಂದಿನ ಗುರುವಾರ ಈ ಮಾತು ಆಡುವಾಗ ಅವಳು ಎಡಗಡೆಯ ಹಲ್ಲಿನಿಂದ ಹುರಿದ ಅವರೆಕಾಳು ಅಗಿಯುತ್ತಿದ್ದಳು. ನಾಳಿದ್ದು ಬೆಳಗ್ಗಿನ ಬಸ್ಸಿಗೆ ಊಟಿಗೆ ಹೊರಟಿದ್ದೇನೆ, ಲೋಹದ್ದಕ್ಕೇ ಅಳತೆ ಕೊಡಲು.